ಪರಲೋಕರಾಜ್ಯದ ಸಾಮ್ಯಗಳು: ಉಪಮೇಯ ಯಾವುದು?

ಯೇಸುಕ್ರಿಸ್ತನ ಬೋಧನೆಯೆಲ್ಲವೂ ಒಂದು ಮಾತಿನ ಸುತ್ತ ಹೆಣೆದುಕೊಂಡಿದೆ. ಮತ್ತಾಯನ ಸುವಾರ್ತೆಯಲ್ಲಿ ಅದು ‘ಪರಲೋಕರಾಜ್ಯ’. ಮಾರ್ಕ ಮತ್ತು ಲೂಕರಲ್ಲಿ ‘ದೇವರ ರಾಜ್ಯ’. ಇಷ್ಟು ಮುಖ್ಯವಾದ ಮಾತಿಗೆ ಆತನು ಎಲ್ಲಿಯೂ ಲಕ್ಷಣ ಹೇಳಲಿಲ್ಲ, ಕಥೆ ಹೇಳಿದನು. ಮತ್ತಾಯನ 13ನೆಯ ಅಧ್ಯಾಯವೊಂದರಲ್ಲಿಯೇ ಬಿತ್ತುವವನು, ಗೋದಿಯ ನಡುವಿನ ಕಳೆ, ಸಾಸಿವೆ ಕಾಳು, ಹುಳಿಹಿಟ್ಟು, ಹೂಳಿಟ್ಟ ನಿಧಿ, ಮುತ್ತಿನ ವ್ಯಾಪಾರಿ, ಮೀನಿನ ಬಲೆ ಎಂಬ ಏಳು ಸಾಮ್ಯಗಳಿವೆ. ಇವನ್ನು ಪಂಚತಂತ್ರದ ಕಥೆಗಳಂತೆ ನೀತಿಬೋಧಕವೆಂದು ಓದಿ ಮುಗಿಸುವವರೇ ಹೆಚ್ಚು. ಅಲಂಕಾರಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೆ ಇವುಗಳಲ್ಲಿ ಬೇರೆಯೇ ಒಂದು ತೊಡಕು ಕಾಣಬೇಕು.

ಮೊದಲು ಪದಗಳನ್ನು ನೋಡಬೇಕು. ಗ್ರೀಕಿನ ‘ಪರಬೊಲೆ’ ಎಂದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡುವುದು. ಅದರ ಹಿಂದಿರುವ ಹೀಬ್ರೂವಿನ ‘ಮಾಶಾಲ್’ ಇನ್ನೂ ವಿಶಾಲವಾದುದು. ಗಾದೆ, ಒಗಟು, ಹೋಲಿಕೆ, ಚುಚ್ಚುಮಾತು ಎಲ್ಲವೂ ಅದರಲ್ಲಿ ಅಡಗುತ್ತವೆ. ಕನ್ನಡದ ಪ್ರಾಟೆಸ್ಟೆಂಟ್ ಬೈಬಲ್ಲು ಇದನ್ನು ‘ಸಾಮ್ಯ’ ಎಂದಿತು, ಕಥೋಲಿಕ ಅನುವಾದವು ‘ಸಾಮತಿ’ ಎಂದಿತು. ಮರಾಠಿ ಬೈಬಲ್ಲಿನಲ್ಲಿ ಬರುವ ಪದ ‘ದಾಖಲಾ’. ಶಾಲೆ ಬಿಡುವಾಗ ಕೈಗೆ ಕೊಡುವ ಕಾಗದಕ್ಕೂ ಸೊಲ್ಲಾಪುರದ ಕಡೆಯಲ್ಲಿ ಅದೇ ಹೆಸರು. ನಗು ಬರಬಹುದು, ಆದರೆ ಪದ ಅಷ್ಟೇನೂ ದೂರ ಹೋಗಿಲ್ಲ: ಹೇಳಿದ ಮಾತಿಗೆ ಸಾಕ್ಷಿಯಾಗಿ ನಿಲ್ಲುವುದು ದಾಖಲಾ.

ತೊಡಕು ಇರುವುದು ಇನ್ನೊಂದು ಪದದಲ್ಲಿ. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದದಿಂದ ಮೊದಲುಗೊಂಡು ಕನ್ನಡ ಬೈಬಲ್ಲಿಗೆ ದೀರ್ಘ ಇತಿಹಾಸವಿದೆ. ಆ ಪರಂಪರೆಯಲ್ಲಿ ನೆಲೆಗೊಂಡ ‘ಪರಲೋಕರಾಜ್ಯ’ವೆಂಬ ಸಮಾಸವನ್ನು ಕೇಳಿದೊಡನೆ ಕನ್ನಡಿಗನ ಮನಸ್ಸು ಇಹ-ಪರಗಳ ಜೋಡಿಗೆ ಹೋಗುತ್ತದೆ, ಸತ್ತ ಮೇಲೆ ಸೇರುವ ಊರು ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಕಥೋಲಿಕ ಅನುವಾದದ ‘ಸ್ವರ್ಗಸಾಮ್ರಾಜ್ಯ’ವೂ ಈ ಅಪಾಯದಿಂದ ಪಾರಾಗಿಲ್ಲ, ಸ್ವರ್ಗವೆಂದರೆ ನಮ್ಮಲ್ಲಿ ಪುಣ್ಯ ತೀರುವ ತನಕ ಇರುವ ಇಂದ್ರನ ಪಟ್ಟಣ. ಮೂಲದ ಮಾತು ಹಾಗಿಲ್ಲ. ಯೆಹೂದ್ಯರು ದೇವರ ಹೆಸರನ್ನು ಉಚ್ಚರಿಸಲು ಅಂಜಿ ‘ಆಕಾಶ’ವೆಂದು ಹೇಳುತ್ತಿದ್ದರು. ಯೆಹೂದ್ಯ ಓದುಗರನ್ನು ಎದುರಿಗಿಟ್ಟುಕೊಂಡು ಬರೆದ ಮತ್ತಾಯನು ಆ ರೂಢಿಯನ್ನು ಅನುಸರಿಸಿದನೆಂಬುದು ಬಹುಕಾಲದಿಂದ ಬಂದಿರುವ ವಿವರಣೆ. ಇನ್ನು ‘ಬಸಿಲೆಯ’ ಎಂಬ ಗ್ರೀಕ್ ಪದಕ್ಕೆ ನಾಡು ಎಂಬುದಕ್ಕಿಂತ ಮೊದಲು ಆಳುವಿಕೆ ಎಂಬ ಅರ್ಥವಿದೆ. ಅದು ಒಂದು ಸ್ಥಳವಾಗಿರದೆ ಒಂದು ಕ್ರಿಯೆಯಾಗಿದೆ. ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ರಾಜ್ಯಕ್ಕೆ ನಮ್ಮನ್ನು ಕರೆದುಕೋ ಎಂಬ ಬೇಡಿಕೆಯಿಲ್ಲ. ರಾಜ್ಯವೇ ಇಲ್ಲಿಗೆ ಬರಲಿ, ಭೂಮಿಯ ಮೇಲೆ ನೆರವೇರಲಿ ಎಂಬ ಬೇಡಿಕೆಯಿದೆ. ‘ದೇವರ ಆಳ್ವಿಕೆ’ ಎಂದಿದ್ದರೆ ಕನ್ನಡದ ಓದುಗನಿಗೆ ಈ ಕಥೆಗಳು ಇಷ್ಟು ಅಪರಿಚಿತವಾಗುತ್ತಿರಲಿಲ್ಲ.

ಈಗ ಅಲಂಕಾರದ ಪ್ರಶ್ನೆ. ಉಪಮೆಗೆ ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ ಎಂಬ ನಾಲ್ಕು ಅಂಗಗಳು. ‘ರಾಜ್ಯವು ಸಾಸಿವೆ ಕಾಳಿನಂತೆ’ ಎಂಬಲ್ಲಿ ಸಾಧಾರಣಧರ್ಮದ ಮಾತಿಲ್ಲ. ಲುಪ್ತೋಪಮೆಯೆಂದು ಗುರುತಿಸಿ ಮುಂದೆ ಹೋಗಬಹುದು. ಆದರೆ ಮುಖ ಕಮಲದಂತೆ ಎಂದಾಗ ಕೇಳುವವನಿಗೆ ಮುಖವೂ ಗೊತ್ತು, ಕಮಲವೂ ಗೊತ್ತು. ಇಲ್ಲಿ ಉಪಮೇಯವೇ ಗೊತ್ತಿಲ್ಲ. ಅಷ್ಟೇ ಅಲ್ಲ, ಉಪಮಾನವೂ ಜಾಗ ಬದಲಿಸುತ್ತದೆ. ನಿಧಿಯ ಕಥೆಯಲ್ಲಿ ರಾಜ್ಯವು ನಿಧಿಗೆ ಸಮಾನ. ಅದರ ಬೆನ್ನಿಗೇ ಬರುವ ಮುತ್ತಿನ ಕಥೆಯಲ್ಲಿ ರಾಜ್ಯವು ಮುತ್ತಿಗೆ ಸಮಾನವೆಂದು ನಾವು ನೆನಪಿಟ್ಟುಕೊಂಡಿರುತ್ತೇವೆ; ಪಠ್ಯವನ್ನು ತೆರೆದು ನೋಡಿದರೆ ಅಲ್ಲಿ ಹೋಲಿಕೆಯಿರುವುದು ಮುತ್ತನ್ನು ಹುಡುಕುವ ವ್ಯಾಪಾರಿಗೆ. ಇದು ಲಿಪಿಕಾರನ ಎಡವಟ್ಟಲ್ಲ. ಜರ್ಮನಿಯ ವಿದ್ವಾಂಸ ಯೋಆಖಿಮ್ ಯೆರೆಮಿಯಾಸ್ ತೋರಿಸಿಕೊಟ್ಟಂತೆ, ಈ ವಾಕ್ಯಗಳ ಹಿಂದಿರುವ ಅರಾಮಿಕ್ ನುಡಿಗಟ್ಟಿನ ಅರ್ಥ ‘ರಾಜ್ಯದ ಸಂಗತಿಯು ಇಂತಿಂಥ ಸಂಗತಿಯಂತೆ’ ಎಂದು. ಎಂದರೆ ವಸ್ತುವಿಗೆ ವಸ್ತುವಿನ ಹೋಲಿಕೆಯಲ್ಲ. ಒಂದು ನಡೆಗೆ ಇಡೀ ಕಥೆಯ ಹೋಲಿಕೆ. ಕವಿರಾಜಮಾರ್ಗದ ಓದಿನ ಮೂಲಕ ನಮಗೆ ಹತ್ತಿರದವನಾದ ದಂಡಿಯು ವಾಕ್ಯಾರ್ಥೋಪಮೆ ಎಂದು ಕರೆದುದಕ್ಕೆ ಇದು ಸಮೀಪದ್ದು.

ಹೀಗೆ ಓದಿದಾಗ ಕಥೆಗಳ ಒರಟುತನ ಕಣ್ಣಿಗೆ ಬೀಳುತ್ತದೆ. ಹಳೆಯ ಒಡಂಬಡಿಕೆಯಲ್ಲಿ ದೊಡ್ಡ ರಾಜ್ಯಕ್ಕೆ ಯೋಗ್ಯವಾದ ಉಪಮಾನ ಮುಗಿಲು ಮುಟ್ಟುವ ಮರ. ಯೆಹೆಜ್ಕೇಲ ಮತ್ತು ದಾನಿಯೇಲರ ಗ್ರಂಥಗಳಲ್ಲಿ ಹಕ್ಕಿಗಳು ನೆಲಸುವ ಅಂಥ ಮಹಾವೃಕ್ಷಗಳಿವೆ. ಯೇಸು ಹಕ್ಕಿಗಳನ್ನು ಉಳಿಸಿಕೊಂಡು ಮರವನ್ನು ತೆಗೆದು ಸಾಸಿವೆಯನ್ನು ಇಟ್ಟನು. ಹಿತ್ತಲಿನ ಗಿಡವೊಂದಕ್ಕೆ ಸಾಮ್ರಾಜ್ಯದ ಪಟ್ಟ! ಕೇಳಿದ ಗಲಿಲಾಯದ ರೈತರು ಮುಗುಳ್ನಕ್ಕಿರಬೇಕು. ಹುಳಿಹಿಟ್ಟಿನ ಕಥೆ ಇದಕ್ಕಿಂತ ಮುಂದೆ ಹೋಗುತ್ತದೆ. ಪಸ್ಕ ಹಬ್ಬದಲ್ಲಿ ಯೆಹೂದ್ಯರು ಹುಳಿಯನ್ನು ಮನೆಯಿಂದಲೇ ಹೊರಹಾಕುತ್ತಾರೆ. ಬೈಬಲ್ಲಿನ ಬೇರೆಡೆಗಳಲ್ಲಿ ಅದು ಕೆಡುಕಿನ ಗುರುತು. ಅಂಥದನ್ನು ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ‘ಅಡಗಿಸುತ್ತಾಳೆ’. ಸೇರು ಎಂಬುದು ಅನುವಾದದ ಅಳತೆ. ಮೂಲದ ಮೂರು ‘ಸಾತ’ ಒಂದು ಮನೆಯ ರೊಟ್ಟಿಗಲ್ಲ, ಸುಮಾರು ನೂರು ಮಂದಿಯ ಊಟಕ್ಕೆ ಸಾಲುವಷ್ಟು. ಅಲ್ಪವಾದುದು, ಕೀಳೆನಿಸಿದುದು, ಕಣ್ಣಿಗೆ ಕಾಣದಂತೆ ಕೆಲಸ ಮಾಡಿ ಎಲ್ಲವನ್ನೂ ಬದಲಿಸುತ್ತದೆ. ದೇವರ ಆಳ್ವಿಕೆ ನಡೆಯುವ ರೀತಿ ಅದು.

ಕಳೆಯ ಕಥೆಯನ್ನು ನಮ್ಮ ಒಕ್ಕಲುತನದ ಅನುಭವದಿಂದ ಓದಿದರೆ ಅದು ತಿರುಗಿಬೀಳುತ್ತದೆ. ಬೆಳೆಯ ನಡುವಿನ ಕಳೆಯನ್ನು ಕೀಳಬೇಡಿರಿ, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎನ್ನುವ ಯಜಮಾನನನ್ನು ಯಾವ ರೈತನು ಒಪ್ಪಿಯಾನು? ಆದರೆ ಅಲ್ಲಿನ ಕಳೆ ತೆನೆ ಬರುವ ತನಕ ಗೋದಿಯನ್ನೇ ಹೋಲುವ ಹುಲ್ಲು. ಅದರ ಬೇರು ಗೋದಿಯ ಬೇರಿಗೆ ಹೆಣೆದುಕೊಳ್ಳುತ್ತದೆ. ಕಿತ್ತರೆ ಗೋದಿಯೂ ಬರುತ್ತದೆ. ಒಳ್ಳೆಯವರನ್ನೂ ಕೆಟ್ಟವರನ್ನೂ ಈಗಲೇ ಬೇರ್ಪಡಿಸಲು ಆತುರಪಡುವ ಭಕ್ತರಿಗೆ ಇದು ಹಿತವಾದ ಮಾತಲ್ಲ.

ಇದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಈ ಕಥೆಗೆ ಒಂದು ವಿವರಣೆ ಬರುತ್ತದೆ: ಹೊಲವೆಂದರೆ ಲೋಕ, ಕೊಯ್ಯುವವರೆಂದರೆ ದೇವದೂತರು ಇತ್ಯಾದಿ. ಅದು ಕಥೆಯ ಒತ್ತನ್ನು ತಾಳ್ಮೆಯಿಂದ ತೀರ್ಪಿನ ಕಡೆಗೆ ತಳ್ಳುತ್ತದೆ. ಆದಿಸಭೆಯು ತನ್ನ ಕಾಲದ ಅಗತ್ಯಕ್ಕೆ ತಕ್ಕಂತೆ ಸೇರಿಸಿದ ವಿವರಣೆ ಇದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪ್ರತಿ ಅಂಗಕ್ಕೂ ಗುಪ್ತಾರ್ಥ ಹಚ್ಚುವ ಈ ರೂಢಿ ಮುಂದೆ ಬಲವಾಗಿ ಬೆಳೆಯಿತು. ಸಮಾರ್ಯದವನ ಕಥೆಯಲ್ಲಿನ ಛತ್ರವೇ ಸಭೆ, ಛತ್ರದವನೇ ಸಂತ ಪೌಲ ಎಂದು ಅಗಸ್ಟೀನನು ಬಿಡಿಸಿದ್ದುಂಟು. 1880ರ ದಶಕದಲ್ಲಿ ಅಡಾಲ್ಫ್ ಯೂಲಿಖರ್ ಇದನ್ನು ಖಂಡಿಸಿ, ಸಾಮ್ಯಕ್ಕೆ ಒಂದೇ ಒಂದು ಹೋಲಿಕೆಯ ಬಿಂದುವಿದೆಯೆಂದು ವಾದಿಸಿದನು. ಈ ವಾದ ಅವಶ್ಯವಿತ್ತು, ಆದರೆ ಅದರಲ್ಲೊಂದು ಕೊರತೆಯೂ ಇದೆ: ಕಥೆಯನ್ನು ಒಂದು ನೀತಿವಾಕ್ಯಕ್ಕೆ ಇಳಿಸಿದ ಮೇಲೆ ಕಥೆಯೇ ಬೇಕಿಲ್ಲ. ರಾಜ್ಯವು ಯೇಸುವಿನ ಕೆಲಸದಲ್ಲಿ ಆಗಲೇ ಬಂದಾಗಿದೆ, ಸಾಮ್ಯಗಳು ಕೇಳುಗನನ್ನು ಆ ಘಟನೆಯ ಎದುರು ನಿಲ್ಲಿಸುತ್ತವೆ ಎಂದು 1935ರಲ್ಲಿ ಸಿ. ಎಚ್. ಡಾಡ್ ಹೇಳಿದ ಮೇಲೆ ಚರ್ಚೆ ಸರಿದಾರಿಗೆ ಬಂದಿತು.

ಮರಾಠಿ ಬಲ್ಲ ವಿದ್ಯಾರ್ಥಿಗಳು ಇಲ್ಲಿ ಮಹಾನುಭಾವರ ‘ದೃಷ್ಟಾಂತಪಾಠ’ವನ್ನು ನೆನೆಯಬಹುದು. 13ನೆಯ ಶತಮಾನದ ಚಕ್ರಧರಸ್ವಾಮಿ ಹೇಳಿದ ದೃಷ್ಟಾಂತಗಳನ್ನು ಕೇಶಿರಾಜನು ಅದರಲ್ಲಿ ಸಂಗ್ರಹಿಸಿದ್ದಾನೆ. ಅಲ್ಲಿ ಮೊದಲು ಸೂತ್ರ, ಬಳಿಕ ದೃಷ್ಟಾಂತ, ಕೊನೆಗೆ ಅದನ್ನು ತತ್ತ್ವಕ್ಕೆ ಹೊಂದಿಸುವ ದಾರ್ಷ್ಟಾಂತಿಕ. ಕೇಳಿದವನಿಗೆ ಸಂದೇಹ ಉಳಿಯುವುದಿಲ್ಲ. ಯೇಸುವಿನ ಬಹುಪಾಲು ಸಾಮ್ಯಗಳಲ್ಲಿ ಸೂತ್ರವೂ ಇಲ್ಲ, ದಾರ್ಷ್ಟಾಂತಿಕವೂ ಇಲ್ಲ. ನಡುವಿನ ತುಂಡು ಮಾತ್ರ. ಮೂರನೆಯದನ್ನು ಕೇಳುಗನೇ ತುಂಬಬೇಕು, ಅದೂ ತನ್ನ ಬದುಕಿನಿಂದ.

ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸೊಲ್ಲಾಪುರ, ಜತ್ತ, ವಿಜಯಪುರದ ದ್ರಾಕ್ಷಿ ಸೀಮೆಯ ಮಕ್ಕಳಿಗೆ ಕೂಲಿಯ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಯಜಮಾನನು ಬೆಳಗಿನಲ್ಲಿ ಕೆಲವರನ್ನು ದಿನಕ್ಕೊಂದು ದೆನಾರಿಯಕ್ಕೆ ಗೊತ್ತುಮಾಡುತ್ತಾನೆ. ಅದು ಒಂದು ದಿನದ ರೂಢಿಯ ಕೂಲಿ. ಪೇಟೆಯಲ್ಲಿ ಸುಮ್ಮನೆ ನಿಂತವರನ್ನು ಹಗಲಿನ ಮೂರನೆಯ, ಆರನೆಯ, ಒಂಬತ್ತನೆಯ ತಾಸಿಗೂ, ಕೊನೆಗೆ ಹೊತ್ತು ಮುಳುಗಲು ಒಂದೇ ತಾಸು ಉಳಿದಾಗಲೂ ಕರೆದು ತರುತ್ತಾನೆ. ಸಂಜೆ ಕೊನೆಗೆ ಬಂದವರಿಂದ ಮೊದಲುಮಾಡಿ ಎಲ್ಲರಿಗೂ ಒಂದೊಂದು ದೆನಾರಿಯ. ಈ ಕ್ರಮವೇ ಕಥೆಯ ಜಾಣ್ಮೆ. ಮೊದಲಿಗರಿಗೆ ಮೊದಲು ಕೊಟ್ಟಿದ್ದರೆ ಅವರು ಹಣ ಪಡೆದು ಮನೆಗೆ ಹೋಗುತ್ತಿದ್ದರು, ಜಗಳವೂ ಇಲ್ಲ, ಕಥೆಯೂ ಇಲ್ಲ. ಈಗ ಅವರು ನಿಂತು ನೋಡಬೇಕಾಗಿದೆ. ಬಿಸಿಲಿನಲ್ಲಿ ದಿನವಿಡೀ ದುಡಿದವರ ಗೊಣಗಾಟ ನ್ಯಾಯವಾದುದೆಂದೇ ಕೇಳುಗನಿಗೂ ತೋರುತ್ತದೆ. ಕಥೆ ಅದನ್ನು ಸುಳ್ಳೆನ್ನುವುದಿಲ್ಲ. ಯಜಮಾನನು ಒಪ್ಪಿದ ಕೂಲಿಯನ್ನು ಕೊಟ್ಟಿದ್ದಾನೆ, ಆದುದರಿಂದ ಅನ್ಯಾಯವಾಗಿಲ್ಲ. ಆದರೂ ಏನೋ ಸರಿಯಿಲ್ಲ. ಇಡೀ ದಿನ ಯಾರೂ ಕರೆಯದೆ ಪೇಟೆಯಲ್ಲಿ ನಿಂತವನ ಮನೆಯಲ್ಲಿಯೂ ಆ ರಾತ್ರಿ ಉಣ್ಣುವವರಿದ್ದಾರೆಂಬುದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ಯಜಮಾನನ ಕೊನೆಯ ಮಾತು ಒಂದು ಪ್ರಶ್ನೆ: ನನ್ನ ಒಳ್ಳೆಯತನ ನಿನ್ನ ಕಣ್ಣನ್ನು ಚುಚ್ಚುತ್ತದೆಯೇ ಎಂಬ ಭಾವದ್ದು. ಅದಕ್ಕೆ ಕೂಲಿಯವನು ಏನೆಂದನೋ ಮತ್ತಾಯನು ಬರೆದಿಲ್ಲ.