ಹೊಗೆಗೊಂದು ದಾರಿ

ಆಟಿ ತಿಂಗಳು. ಕರಾವಳಿಯಲ್ಲಿ ಜಡಿಮಳೆ. ಮೂರು ದಿನದಿಂದ ಬಿಸಿಲಿಲ್ಲ. ಗಿರಿಜಳ ಮನೆಯ ಕಿಟಕಿ, ಬಾಗಿಲು ಎಲ್ಲ ಮುಚ್ಚಿವೆ. ಸೌದೆ ಒದ್ದೆ. ಒಲೆ ಉರಿಯುವುದಿಲ್ಲ, ಹೊಗೆ ಮಾತ್ರ ಏಳುತ್ತದೆ. ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ.

ಗಿರಿಜ ಬಾಣಂತಿ. ಮಗುವಿಗೆ ಒಂದು ತಿಂಗಳು. ಅವಳ ಕೋಣೆಯಲ್ಲಿ ಒಂದು ಮಡಕೆ ಕೆಂಡ ಇದೆ. "ತಾಯಿಗೆ, ಮಗುವಿಗೆ ಶೀತ ಆಗಬಾರದು" ಅಂತ ಅತ್ತೆ ಇಟ್ಟದ್ದು.

ಮಧ್ಯಾಹ್ನ ಗಿರಿಜಳಿಗೆ ತಲೆನೋವು ಶುರುವಾಯಿತು. ತಲೆ ತಿರುಗಿತು. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಮಗು ಹಾಲಿಗೂ ಅಳಲಿಲ್ಲ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದರು. ಬಾಗಿಲು, ಕಿಟಕಿ ತೆರೆದರು. ತಾಯಿ, ಮಗುವನ್ನು ಜಗಲಿಗೆ ಕರೆತಂದರು. 108ಕ್ಕೆ ಫೋನ್ ಮಾಡಿದರು. ಇಬ್ಬರ ಜೀವವೂ ಉಳಿಯಿತು.

ಎರಡು ದಿನ ಕಳೆಯಿತು. ಅತ್ತೆ ಕೇಳಿದರು:

"ನಮ್ಮ ಕಾಲದಲ್ಲೂ ಕೆಂಡ ಇಡುತ್ತಿದ್ದೆವಲ್ಲ ಮಾರಾಯ್ತಿ? ಆಗ ಎಂತ ಆಗಿತ್ತು?"

"ಅಮ್ಮಾ, ಆಗ ಮುಳಿಹುಲ್ಲಿನ ಮಾಡು. ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ತಾರಸಿ ಮನೆ. ಗಾಳಿ ಹೋಗಲು ಸಂದು ಎಲ್ಲಿ ಉಂಟು? ಮತ್ತೆ, ಆಗಲೂ ಒಲೆಯ ಮುಂದೆ ಕೂತು ದಮ್ಮು ಬಂದ ಹೆಂಗಸರು ಇರಲಿಲ್ಲವಾ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದ್ದರು. ನನ್ನ ಅಮ್ಮ ಕೆಮ್ಮಿ ಕೆಮ್ಮಿಯೇ ಹೋದದ್ದು" ಅಂದರು.

ತಿಳಿದುಕೊಳ್ಳೋಣ

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ಅದು ರಕ್ತಕ್ಕೆ ಸೇರಿದರೆ ಮೈಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ.

ಸೌದೆಯ ಹೊಗೆಯಲ್ಲಿ ಬಹಳ ಸಣ್ಣ ಕಣಗಳಿವೆ. ಅವು ಶ್ವಾಸಕೋಶದ ಒಳಗೆ ಹೋಗಿ ಕೂರುತ್ತವೆ. ಇದರಿಂದ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ದಮ್ಮು, ಹೃದಯದ ಕಾಯಿಲೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು.

ಮಳೆಗಾಲದ ತೇವವೂ ಕೆಟ್ಟದ್ದು. ಒದ್ದೆ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಪುಡಿ ಮೂಗಿಗೆ ಹೋದರೆ ಉಬ್ಬಸ ಇದ್ದವರಿಗೆ ಉಬ್ಬಸ ಹೆಚ್ಚುತ್ತದೆ.

ನಾವೇನು ಮಾಡಬಹುದು?

1. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಮಗುವನ್ನು ಎದೆಗೆ ಅಪ್ಪಿ, ಬಟ್ಟೆ ಹೊದೆಸಿ. ತಾಯಿಯ ಮೈಯ ಬಿಸಿಯೇ ಮಗುವಿಗೆ ಒಳ್ಳೆಯದು.

2. ಗಾಳಿಗೆ ಎರಡು ದಾರಿ ಬೇಕು. ಒಂದು ಕೆಳಗೆ, ಬರಲು. ಒಂದು ಮೇಲೆ, ಹೋಗಲು. ಬಿಸಿ ಗಾಳಿ ಮೇಲಕ್ಕೆ ಏಳುತ್ತದೆ. ಆದ್ದರಿಂದ ಒಲೆಯ ಹತ್ತಿರ, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರಲಿ. ಮಳೆ ಬಂದರೂ ಎರಚಲು ಹೊಡೆಯದ ಕಡೆಯ ಕಿಟಕಿ ತೆರೆದಿಡಿ.

3. ಗ್ಯಾಸ್ ಇದ್ದರೆ ಅದರಲ್ಲೇ ಅಡಿಗೆ ಮಾಡಿ. ಬಡ ಕುಟುಂಬದ ಹೆಂಗಸರಿಗೆ ಗ್ಯಾಸ್ ಕೊಡಲು ಉಜ್ವಲ ಯೋಜನೆ 2016ರಲ್ಲಿ ಶುರುವಾಯಿತು. ಸೌದೆಯೇ ಗತಿಯಾದರೆ ಹೊಗೆ ಕೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆ ಅಂಥದ್ದು. ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ.

4. ಸೌದೆ, ಮಡಲು, ಗೆರಟೆಯನ್ನು ಬೇಸಿಗೆಯಲ್ಲೇ ಒಣಗಿಸಿ ಇಡಿ. ಒಣಗಿದ ಸೌದೆ ಕಡಿಮೆ ಹೊಗೆ ಕೊಡುತ್ತದೆ.

5. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಾಕಬೇಡಿ. ಜಗಲಿಯಲ್ಲಿ ಹಾಕಿ.

6. ಸೊಳ್ಳೆಗೆ ಬತ್ತಿ ಹಚ್ಚುವ ಬದಲು ಪರದೆ ಕಟ್ಟಿ.

ಕೆಂಡ ಇಟ್ಟ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಂತಿ ಬಂದರೆ ತಡ ಮಾಡಬೇಡಿ. ಕೂಡಲೇ ಹೊರಗೆ ಬನ್ನಿ. ಆಸ್ಪತ್ರೆಗೆ ಹೋಗಿ.

ಮಾಡಿ ನೋಡಿ

ಒಲೆ ಆರಿರುವಾಗ ಅಡಿಗೆ ಕೋಣೆಯ ನಡುವೆ ಒಂದು ಊದುಬತ್ತಿ ಹಚ್ಚಿ. ಹೊಗೆ ಎತ್ತ ಹೋಗುತ್ತದೆ? ಹೊರಗೆ ಹೋದರೆ ದಾರಿ ಇದೆ. ಅಲ್ಲೇ ನಿಂತರೆ ದಾರಿ ಇಲ್ಲ. ನಿಮ್ಮ ಒಲೆಯ ಹೊಗೆಯೂ ಹೀಗೇ ನಿಲ್ಲುತ್ತದೆ.

ಮಾತಾಡೋಣ, ಬರೆಯೋಣ

1. ಗಿರಿಜಳಿಗೆ ತಲೆ ತಿರುಗಿದ್ದು ಏಕೆ?
2. ನಿಮ್ಮ ಮನೆಯಲ್ಲಿ ಹೊಗೆ ಹೋಗುವ ದಾರಿ ಎಲ್ಲಿದೆ?
3. ಗವಾಕ್ಷಿ ಮಾಡಿಸಬೇಕು ಅಂತ ಮನೆಯವರಿಗೆ ಹೇಗೆ ಹೇಳುತ್ತೀರಿ? ಎರಡು ಸಾಲು ಬರೆಯಿರಿ.