ಪರಸ್ಥಳದಲ್ಲಿ ಬಿಚ್ಚಿದ ಬುತ್ತಿ

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 10:1–11:18, ಗಲಾತ್ಯದವರಿಗೆ 2:11–14, ಯೋಹಾನ 21:1–14.

ಮಳೆಯಿಲ್ಲದ ವರುಷಗಳಲ್ಲಿ ನಮ್ಮ ಸಭೆಗಳ ಯೌವನಸ್ಥರು ಅನೇಕರು ಕೂಲಿಗಾಗಿ ಬೆಂಗಳೂರಿಗೂ ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳಿಗೂ ಹೋಗುತ್ತಾರೆ. ಹೊರಡುವ ದಿವಸ ತಾಯಿಯು ಕಡಕ ರೊಟ್ಟಿಗಳನ್ನೂ ಶೇಂಗಾ ಚಟ್ನಿಪುಡಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಡುವಳು. ಆ ಬುತ್ತಿಯು ಕೆಲವು ದಿವಸ ಬಾಳುವದು. ಅದು ತೀರಿದ ಮೇಲೆ ಇಬ್ಬರು ಮೂವರು ಕೂಡಿ ಒಂದು ಕೋಣೆಯನ್ನು ಹಿಡಿದು, ಒಂದೇ ಒಲೆಯ ಮೇಲೆ ಅನ್ನವನ್ನಾಗಲಿ ಮುದ್ದೆಯನ್ನಾಗಲಿ ಬೇಯಿಸಿಕೊಳ್ಳುವರು. ಆಗ ಒಂದು ಪ್ರಶ್ನೆಯು ಏಳುವದು: ಈ ಜೊತೆಗಾರನು ಯಾರವನು? ಅವನ ಕೈಯ ಅನ್ನವನ್ನು ಉಣ್ಣಬಹುದೋ? ನನ್ನ ಬುತ್ತಿಯನ್ನು ಅವನ ಮುಂದೆ ಬಿಚ್ಚಬಹುದೋ? ದೀಕ್ಷಾಸ್ನಾನ ಹೊಂದಿದ ನಮಗೆ ಈ ಪ್ರಶ್ನೆಯು ಎಂದೋ ತೀರಿತೆಂದು ಹೇಳುತ್ತೇವೆ. ನಿಜವಾಗಿ ತೀರಿತೋ? ಪೇತ್ರನ ಜೀವಿತದಿಂದ ಇದನ್ನು ವಿಚಾರಿಸೋಣ.

1. ಯೊಪ್ಪದ ಮಾಳಿಗೆ

ಪೇತ್ರನು ಗಲಿಲಾಯದ ಬೆಸ್ತನು. ಯೊಪ್ಪ ಪಟ್ಟಣದಲ್ಲಿ ಅವನು ಪರಸ್ಥಳದವನಾಗಿ, ಸಮುದ್ರದ ಬಳಿಯಲ್ಲಿದ್ದ ಸೀಮೋನನೆಂಬವನ ಮನೆಯಲ್ಲಿ ಇಳುಕೊಂಡಿದ್ದನು. ಈ ಸೀಮೋನನ ಕಸುಬು ತೊಗಲು ಹದಮಾಡುವದು. ಸತ್ತ ಪಶುಗಳ ಚರ್ಮವನ್ನು ಮುಟ್ಟುವ ಆ ಕಸುಬನ್ನು ಯೆಹೂದ್ಯರು ಕೀಳಾಗಿ ಎಣಿಸುತ್ತಿದ್ದರು. ನಮ್ಮ ಊರುಗಳಲ್ಲಿ ಆ ಕಸುಬಿನವರ ಮನೆಗಳನ್ನು ಎಲ್ಲಿ ಇಟ್ಟರೆಂಬದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳುವದು ಬೇಡ.

ಮಧ್ಯಾಹ್ನದ ಹೊತ್ತಿಗೆ ಪೇತ್ರನು ಪ್ರಾರ್ಥನೆಗಾಗಿ ಮಾಳಿಗೆಯನ್ನು ಹತ್ತಿದನು. ಅವನಿಗೆ ಹಸಿವಾಯಿತು, ಕೆಳಗೆ ಅಡಿಗೆ ನಡೆಯುತ್ತಿತ್ತು. ಆ ಹಸಿವಿನ ಗಳಿಗೆಯಲ್ಲಿಯೇ ದೇವರು ಅವನಿಗೆ ದರ್ಶನವನ್ನು ಕೊಟ್ಟು, ತಾನು ಶುದ್ಧಮಾಡಿದ್ದನ್ನು ಅವನು ಹೊಲೆಯೆನ್ನಬಾರದೆಂದು ಕಲಿಸಿದನು. ಈ ಪಾಠವು ಮೂರು ಸಾರಿ ಆಯಿತು. ಅಷ್ಟರಲ್ಲಿ ಕೊರ್ನೇಲ್ಯನೆಂಬ ಶತಾಧಿಪತಿಯು ಕಳುಹಿಸಿದ ಮೂವರು ಬಾಗಿಲಲ್ಲಿ ನಿಂತಿದ್ದರು. ಪೇತ್ರನು ಅವರನ್ನು ಒಳಗೆ ಕರೆದು ಸತ್ಕರಿಸಿದನು. ಮರುದಿನ ಆರು ಮಂದಿ ಸಹೋದರರೊಡನೆ ಹೊರಟು, ಕರಾವಳಿಯಲ್ಲಿ ಬಡಗಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದ ಕೈಸರೈಯಕ್ಕೆ ಹೋಗಿ, ಅಲ್ಲಿ ಕೆಲವು ದಿವಸ ಇದ್ದನು.

2. ಯೆರೂಸಲೇಮಿನ ತಕರಾರು

ಅವನು ಹಿಂದಿರುಗಿದಾಗ ಸ್ವಜನರು ಹೊರಿಸಿದ ತಪ್ಪು ಯಾವದು? ಅನ್ಯಜನರಿಗೆ ಸುವಾರ್ತೆ ಸಾರಿದನೆಂದಲ್ಲ, ದೀಕ್ಷಾಸ್ನಾನ ಕೊಡಿಸಿದನೆಂದಲ್ಲ. ಅವರ ಮನೆ ಹೊಕ್ಕು ಅವರ ಸಂಗಡ ಉಂಡನೆಂದೇ. ಪೇತ್ರನು ಅದನ್ನು ಮುಚ್ಚಿಡಲಿಲ್ಲ. ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳಿ, ಆರು ಮಂದಿಯನ್ನು ಸಾಕ್ಷಿಗಳಾಗಿ ತೋರಿಸಿದನು. ಕೇಳಿದವರು ಸುಮ್ಮನಾಗಿ ದೇವರನ್ನು ಕೊಂಡಾಡಿದರು.

3. ಅಂತಿಯೋಕ್ಯದ ಸೋಲು

ಆದರೆ ಇಂಥ ಪೇತ್ರನೇ ಅಂತಿಯೋಕ್ಯದಲ್ಲಿ ಎಡವಿದನು. ಅಲ್ಲಿ ಅವನು ಅನ್ಯಜನರಾದ ವಿಶ್ವಾಸಿಗಳ ಸಂಗಡ ಸಂತೋಷದಿಂದ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಬೇರೆಯಾದನು. ಅವನನ್ನು ಕಂಡು ಮಿಕ್ಕ ಯೆಹೂದ್ಯರೂ ಹಿಂದೆಗೆದರು. ಬಾರ್ನಬನು ಸಹ ಆ ಕಪಟದ ಸೆಳೆತಕ್ಕೆ ಸಿಕ್ಕಿದನು. ಪೌಲನು ಎಲ್ಲರ ಮುಂದೆಯೇ ಅವನನ್ನು ಗದರಿಸಿದನು. ಪೇತ್ರನಿಗೆ ತಿಳುವಳಿಕೆಯು ಕಡಿಮೆಯಾಗಿರಲಿಲ್ಲ; ತನ್ನವರ ಭಯವು ಹೆಚ್ಚಾಗಿತ್ತು.

4. ನಮ್ಮ ತಪ್ಪೊಪ್ಪಿಗೆ

ಇದನ್ನು ಬರೆಯುವ ನಾವು ನಿರ್ದೋಷಿಗಳಲ್ಲ. ವರುಷಗಳ ಹಿಂದೆ ದೂರದ ಒಂದು ಊರಿನಲ್ಲಿ ಕಲಿಯಲಿಕ್ಕೆ ಹೋಗಿದ್ದಾಗ ಒಬ್ಬ ಸ್ನೇಹಿತನೊಡನೆ ಕೋಣೆಯಲ್ಲಿ ಅಡಿಗೆ ಮಾಡಿಕೊಂಡೆವು. ಅವನ ಹಿರಿಯರೂ ನಮ್ಮ ಹಿರಿಯರೂ ಬೇರೆ ಬೇರೆ ಕೇರಿಗಳಿಂದ ಕರ್ತನ ಬಳಿಗೆ ಬಂದವರು. ಅವನು ಸಾರು ಮಾಡಿದರೆ ನಾವು ಮುದ್ದೆ ಕಟ್ಟುತ್ತಿದ್ದೆವು. ಅವನ ತಾಯಿ ಕಳುಹಿಸಿದ ಉಪ್ಪಿನಕಾಯಿಯೂ ನಮ್ಮ ತಾಯಿಯ ಚಟ್ನಿಪುಡಿಯೂ ಒಂದೇ ಗೂಡಿನಲ್ಲಿದ್ದವು. ಒಂದು ಸಂಜೆ ನಮ್ಮ ಊರಿನ ಬಂಧುಗಳು ಬಂದರು. ಸ್ನೇಹಿತನು ಅನ್ನ ಬಡಿಸಿ ಎಲ್ಲರನ್ನೂ ಕರೆದನು. ಬಂಧುಗಳ ಮುಖವನ್ನು ನೋಡಿ, ನಮಗೆ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿದೆವು. ಅವನು ಒಂದು ಮಾತನ್ನೂ ಆಡದೆ ಪಾತ್ರೆಯನ್ನು ಮುಚ್ಚಿಟ್ಟನು. ಮರುದಿನ ಕ್ಷಮೆ ಕೇಳಿದೆವು, ಅವನು ಕ್ಷಮಿಸಿದನು. ಆದರೂ ಆ ಮುಚ್ಚಿದ ಪಾತ್ರೆಯನ್ನು ನಾವು ಮರೆತಿಲ್ಲ.

ಈ ರೋಗವು ಸಭೆಗೆ ಹೊಸದಲ್ಲ. 1850ರಲ್ಲಿ ಮದ್ರಾಸಿನ ಮಿಷನರಿಗಳ ಸಮ್ಮೇಳನವು, ಜಾತಿಯನ್ನು ನಿಜವಾಗಿ ಬಿಟ್ಟವನೆಂಬದಕ್ಕೆ ಕೀಳೆಂದು ಎಣಿಸಲ್ಪಟ್ಟವರ ಸಂಗಡ ಉಣ್ಣುವದೇ ಗುರುತೆಂದು ನಿರ್ಣಯಿಸಿತು. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ನಿರ್ಣಯವಾಗಲಿ ಕಾನೂನಾಗಲಿ ಕೋಣೆಯೊಳಗೆ ಬಂದು ನಮ್ಮ ತಟ್ಟೆಯನ್ನು ನೋಡುವದಿಲ್ಲ, ಕರ್ತನು ನೋಡುತ್ತಾನೆ.

5. ಕರ್ತನ ಕೆಂಡದ ಒಲೆ

ಪೇತ್ರನು ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ, ಮನುಷ್ಯರ ಭಯದಿಂದಲೇ ಕರ್ತನನ್ನು ಅರಿಯೆನೆಂದನು. ಪುನರುತ್ಥಾನವಾದ ಮೇಲೆ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯ ಮೇಲೆ ಮೀನನ್ನಿಟ್ಟು, ರೊಟ್ಟಿಯನ್ನು ಸಿದ್ಧಮಾಡಿ, ರಾತ್ರಿಯೆಲ್ಲಾ ದುಡಿದ ಶಿಷ್ಯರನ್ನು ಊಟಕ್ಕೆ ಕರೆದನು. ಅಲ್ಲಗಳೆದವನೂ ಆ ಪಂಕ್ತಿಯಲ್ಲಿದ್ದನು. ಅವರು ಹಿಡಿದ ಮೀನುಗಳಲ್ಲಿಯೂ ಕೆಲವನ್ನು ತರಬೇಕೆಂದು ಕರ್ತನು ಕೇಳಿದ್ದನ್ನು ಗಮನಿಸಿರಿ. ಕೊಡುವವನು ತೆಗೆದುಕೊಳ್ಳಲಿಕ್ಕೂ ಮನಸ್ಸುಳ್ಳವನಾದರೆ ಸ್ನೇಹವು ಪೂರ್ಣವಾಗುವದು. ತನ್ನ ಬುತ್ತಿಯನ್ನು ಹಂಚಿ ಸ್ನೇಹಿತನ ಬುತ್ತಿಯನ್ನು ಮುಟ್ಟದವನು ಧರ್ಮ ಮಾಡುವನೇ ಹೊರತು ಸ್ನೇಹ ಮಾಡುವದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಜೊತೆಗಾರನು ಮಾಂಸ ತಿನ್ನದವನಾಗಿದ್ದರೆ ಅವನನ್ನು ಬಲವಂತ ಮಾಡಬೇಡಿರಿ. ಅವನೊಡನೆ ಉಣ್ಣುವ ದಿನ ಬೇಳೆಯನ್ನೋ ಸೊಪ್ಪನ್ನೋ ಬೇಯಿಸಿರಿ. ಒಂದು ಪದಾರ್ಥವನ್ನು ಬಿಡುವದು ಬೇರೆ, ಒಬ್ಬನ ಕೈಯನ್ನು ಬಿಡುವದು ಬೇರೆ. ಮೊದಲನೆಯದನ್ನು ಪ್ರೀತಿಯು ಸಹಿಸುವದು. ಎರಡನೆಯದನ್ನು ಸುವಾರ್ತೆಯು ಸಹಿಸದು.

ಆದಕಾರಣ, ಪರಸ್ಥಳದಲ್ಲಿರುವ ಯೌವನಸ್ಥರೇ, ಅಲ್ಲಿ ಯಾರೊಡನೆ ಉಣ್ಣುತ್ತೀರೋ ಅದನ್ನು ಊರಿನಲ್ಲಿಯೂ ಅಂಜದೆ ಒಪ್ಪಿಕೊಳ್ಳಿರಿ. ಹಬ್ಬಕ್ಕೆ ಬರುವಾಗ ಆ ಸ್ನೇಹಿತನನ್ನು ಕರತನ್ನಿರಿ. ತಾಯಂದಿರೇ, ಬುತ್ತಿ ಕಟ್ಟುವಾಗ ಜೊತೆಗಾರನಿಗಾಗಿ ಎರಡು ರೊಟ್ಟಿ ಹೆಚ್ಚಾಗಿ ಇಡಿರಿ. ಅವನು ಮನೆಗೆ ಬಂದರೆ ಮಗನ ಮಗ್ಗುಲಲ್ಲಿಯೇ ಅವನಿಗೂ ಬಡಿಸಿರಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೆರೂಸಲೇಮಿನವರು ಪೇತ್ರನ ಮೇಲೆ ಯಾವ ತಪ್ಪು ಹೊರಿಸಿದರು? ಅವನು ಹೇಗೆ ಉತ್ತರ ಕೊಟ್ಟನು?
2. ಅಂತಿಯೋಕ್ಯದಲ್ಲಿ ಅವನು ಯಾರಿಗೆ ಹೆದರಿದನು? ನಾವು ಯಾರಿಗೆ ಹೆದರುತ್ತೇವೆ?
3. ನಮ್ಮ ಸಭೆಯಲ್ಲಿ ನಾವು ಇದುವರೆಗೆ ಯಾರ ಮನೆಯಲ್ಲಿ ಉಂಡಿಲ್ಲ? ಯಾಕೆ?

ಪ್ರಾರ್ಥನೆ: ದಡದಲ್ಲಿ ನಮಗಾಗಿ ಅಡಿಗೆ ಮಾಡಿದ ಕರ್ತನೇ, ನಮ್ಮವರ ಭಯದಿಂದ ನಮ್ಮನ್ನು ಬಿಡಿಸು. ನೀನು ಕರೆದವರ ಸಂಗಡ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಮನಸ್ಸನ್ನು ಕೊಡು. ಆಮೆನ್.