ಮೊದಲು ಆಕಾಶ ನೋಡು, ಆಮೇಲೆ ಟಿಕೆಟ್

ತಂಗಿ, ನೀನು ಫೋನಿಗೆ ಕಳಿಸಿದ ಆರೂ ಫೋಟೊ ನೋಡಿದೆ. ಹಳದಿ ಎಲೆ, ನೀಲಿ ಸರೋವರ, ಹಿಂದೆ ಹಿಮದ ಬೆಟ್ಟ, ಮುಂದೆ ಒಂದು ಕೆಂಪು ಸೈಕಲ್. ‘ಕಾಕಾ, ಇದರಾಗ ಯಾವ ಊರು ಆರಿಸಲಿ?’ ಅಂತ ಕೇಳಿದ್ದೀ. ಫೋಟೊ ತೆಗೆಯುವವನು ಮಳೆ ಸುರಿಯುವ ದಿನ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ, ಅಷ್ಟು ನೆನಪಿಟ್ಟುಕೊ. ಫೋಟೊ ಪಕ್ಕಕ್ಕಿಟ್ಟು ಕ್ಯಾಲೆಂಡರ್ ಬಿಚ್ಚು.

ಮೂವತ್ತು ವರ್ಷ ಚಿಕಲಠಾಣಾ ಎಂಐಡಿಸಿಯ ಕಾರ್ಖಾನೆ ಪಾಳಿಗೆ ಸೈಕಲ್ ತುಳಿದವನು ನಾನು. ನಮ್ಮ ಸಂಭಾಜಿನಗರದ ಬಿಸಿಲು ಇಂದು ಎಷ್ಟು ಡಿಗ್ರಿ ಅಂತ ಮರಾಠಿ ಪೇಪರಿನವರು ಬರೆಯುವುದು ಇಲ್ಲಿನ ಚಿಕಲಠಾಣಾ ಹವಾಮಾನ ಕೇಂದ್ರದ ಲೆಕ್ಕ ಹಿಡಿದೇ. ಮಳೆಗಾಲ ಹಿಂದೆ ಸರಿದ ಮೇಲೆ ಬರುವ ಆ ಉರಿಬಿಸಿಲಿಗೆ ಇಲ್ಲಿಯವರು ‘ಅಕ್ಟೋಬರ್ ಹೀಟ್’ ಅನ್ನುತ್ತಾರೆ. ಅದೇ ಅಕ್ಟೋಬರ್‌ನಲ್ಲಿ ಒಂದು ದೇಶದಲ್ಲಿ ಚಳಿ ಹಲ್ಲು ಕಡಿಸುತ್ತದೆ, ಇನ್ನೊಂದರಲ್ಲಿ ಹೊಳೆ ರಸ್ತೆಗೆ ಬರುತ್ತದೆ. ಹೀಗಾಗಿ ನನ್ನ ಮೊದಲ ಪ್ರಶ್ನೆ ಊರಿನದಲ್ಲ. ನಿನಗೆ ರಜೆ ಸಿಗುವುದು ದಸರೆಗೋ, ದೀಪಾವಳಿಗೋ?

ದಸರೆಗೆ ಅಂದರೆ ಯುರೋಪ್ ನೋಡು. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ ಸುಮಾರು 320 ಕಿ.ಮೀ. ಸೈಕಲ್ ದಾರಿ ಇದೆ. ದಿನಕ್ಕೆ 50ರಂತೆ ತುಳಿದರೆ ಒಂದು ವಾರ. ಹೊಳೆ ಹರಿಯುವ ಕಡೆಗೇ ನೀನೂ ಹೋಗುವುದರಿಂದ ಇಡೀ ದಾರಿಗೆ ಇಳಿಯುವ ಎತ್ತರ ನೂರೈವತ್ತು ಮೀಟರಿನಷ್ಟೇ, ಇಳಿಜಾರು ಅಂತ ಕಾಲಿಗೆ ಗೊತ್ತೂ ಆಗುವುದಿಲ್ಲ. ಪಡುವಣ ಗಾಳಿ ಬೆನ್ನಿಗೆ ಬೀಳುವ ದಿನಗಳೇ ಹೆಚ್ಚು. ಸುಸ್ತಾದರೆ ಹತ್ತಿರದಲ್ಲೇ ರೈಲು ಸಿಗುತ್ತದೆ. ಆದರೆ ಅಕ್ಟೋಬರ್ ಮಧ್ಯ ದಾಟಬೇಡ. ಯಾಕೆ ಅಂತ ನಿನ್ನ ಕಾಕೂನ ಕೇಳು.

ನಿವೃತ್ತಿಯಾದ ವರ್ಷ ಟಿಕೆಟ್ ಅಗ್ಗ ಸಿಕ್ಕಿತು ಅಂತ ನಾವಿಬ್ಬರೂ ಅಕ್ಟೋಬರ್ ಕೊನೆಯ ವಾರ ಅಲ್ಲಿಗೆ ಹೋಗಿದ್ದೆವು. ಯುರೋಪಿನಲ್ಲಿ ಆ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಆರರ ಹತ್ತಿರ ಮುಳುಗಿದ ಸೂರ್ಯ ಭಾನುವಾರ ಐದರೊಳಗೇ ಮುಳುಗಿದ. ಶ್ಲೋಗೆನ್ ಅನ್ನುವಲ್ಲಿ ನದಿ ಹಾವಿನ ಹಾಗೆ ಹೊರಳುತ್ತದೆ. ಅಲ್ಲಿ ಉತ್ತರ ದಡದ ದಾರಿ ಕಡಿದು, ಸೈಕಲ್ ಸಮೇತ ದೋಣಿ ಹತ್ತಬೇಕು. ನಾವು ಮುಟ್ಟುವ ಹೊತ್ತಿಗೆ ಕೊನೆಯ ದೋಣಿ ಹೋಗಿತ್ತು. ನೀರಿನ ಮೇಲೆ ಮಂಜು, ಸೈಕಲ್ಲಿಗೆ ದೀಪವಿಲ್ಲ. ನಿನ್ನ ಕಾಕು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೊಬೈಲಿನ ಬೆಳಕು ಹಿಡಿದು ಬಂದ ದಾರಿಗೇ ತಿರುಗಿದಳು. ಮೊದಲು ಸಿಕ್ಕ ವಸತಿಗೃಹಕ್ಕೆ ಬೀಗ, ಸೀಸನ್ ಮುಗಿದಿತ್ತು. ಎರಡನೆಯದರಲ್ಲಿ ಜಾಗ ಸಿಕ್ಕಿತು, ಬಿಸಿ ಆಲೂಗಡ್ಡೆ ಸೂಪೂ ಸಿಕ್ಕಿತು. ಆ ರಾತ್ರಿ ಅವಳು ನನ್ನ ಜೊತೆ ಆಡಿದ ಮಾತು ಮಾತ್ರ ಒಂದೇ: ‘ಅಗ್ಗದ ಟಿಕೆಟ್ಟು!’

ಅಂದಿನಿಂದ ನಾನು ಯಾವ ಊರಿನ ಮಾತು ಬಂದರೂ ಮೊದಲು ಕೇಳುವುದು, ಅಲ್ಲಿ ಆ ವಾರ ಹೊತ್ತು ಮುಳುಗುವುದು ಎಷ್ಟಕ್ಕೆ ಅಂತ. ಮುಳುಗುವುದಕ್ಕೆ ಎರಡು ತಾಸು ಮೊದಲು ತಂಗುವ ಊರು ಸೇರುವಂತೆ ದಿನದ ದೂರ ಹಾಕಿಕೊ.

ನಿನ್ನ ಕಂಪನಿ ದೀಪಾವಳಿಗೇ ರಜೆ ಕೊಡುವುದಾದರೆ ಜಪಾನ್ ಒಳ್ಳೆಯದು. ದೀಪಾವಳಿ ತಡವಾಗಿ ಬಂದಷ್ಟೂ ಒಳ್ಳೆಯದು, ಯಾಕಂದರೆ ಅಕ್ಟೋಬರ್ ಮೊದಲ ಭಾಗದವರೆಗೂ ಅಲ್ಲಿ ಚಂಡಮಾರುತದ ಭಯ ಇರುತ್ತದೆ. ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಿಂದ ಶಿಕೊಕು ದ್ವೀಪದ ಇಮಾಬಾರಿವರೆಗೆ ಶಿಮಾನಾಮಿ ಕೈದೊ ಅನ್ನುವ ದಾರಿ ಇದೆ. ಸಮುದ್ರದಲ್ಲಿನ ಆರು ದ್ವೀಪಗಳನ್ನು ಸೇತುವೆಗಳಿಂದ ಹೆಣೆದು 1999ರಲ್ಲಿ ಪೂರ್ತಿ ಮಾಡಿದರು. ಸುಮಾರು 70 ಕಿ.ಮೀ. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನೀನು ಎರಡು ದಿನ ಇಟ್ಟುಕೊ, ನಡುವಿನ ದ್ವೀಪದ ನಿಂಬೆತೋಟಗಳ ಹತ್ತಿರ ಉಳಿ. ರಸ್ತೆ ಅಂಚಿನಲ್ಲಿ ನೀಲಿ ಗೆರೆ ಎಳೆದಿದ್ದಾರೆ, ಅದನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಬಾಡಿಗೆ ಸೈಕಲನ್ನು ಈ ತುದಿಯಲ್ಲಿ ತೆಗೆದುಕೊಂಡು ಆ ತುದಿಯಲ್ಲಿ ಬಿಡಬಹುದು. ಇನ್ನೊಂದು ಅನುಕೂಲ, ಜಪಾನಿನಲ್ಲಿ ನಮ್ಮ ಹಾಗೆಯೇ ಎಡಬದಿಯ ಸಂಚಾರ. ಯುರೋಪಿನಲ್ಲಿ ಬಲಬದಿ. ನೇರ ರಸ್ತೆಯಲ್ಲಿ ಅದು ತಿಳಿಯುವುದಿಲ್ಲ, ಚಹಾ ಕುಡಿದು ಮತ್ತೆ ಸೈಕಲ್ ಹತ್ತಿದಾಗ ಕಾಲು ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಮೊದಲ ಮೂರು ದಿನ ಹುಷಾರು.

ಶ್ರೀಲಂಕಾ ಹತ್ತಿರ, ವಿಯೆಟ್ನಾಂ ಅಗ್ಗ, ನಿಜ. ಆದರೆ ಅಕ್ಟೋಬರ್, ನವೆಂಬರಿನಲ್ಲಿ ಶ್ರೀಲಂಕೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ವಿಯೆಟ್ನಾಮಿನ ನಡುಭಾಗ, ಅಂದರೆ ಹ್ಯುವೆ ಮತ್ತು ಹೊಯಿ ಆನ್ ಸೀಮೆಗೆ ಅದೇ ನೆರೆಯ ಕಾಲ. ಆ ಎರಡನ್ನೂ ಬೇರೆ ತಿಂಗಳಿಗೆ ತೆಗೆದಿಡು.

ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ ಹದಿನೈದು ದಿನ ಮೊದಲಾದರೂ ಹಾಕಲೇಬೇಕು. 30,000 ಯೂರೊ ಮೊತ್ತದ ಆರೋಗ್ಯ ವಿಮೆಯೂ ಬೇಕು. ಬೆರಳಚ್ಚಿಗೆ ಮುಂಬೈಗೋ ಪುಣೆಗೋ ಓಡಬೇಕು, ಅದಕ್ಕೊಂದು ರಜೆ ಉಳಿಸಿಕೊ. ಮನೆಯ ಸೈಕಲನ್ನು ಡಬ್ಬಕ್ಕೆ ತುಂಬಿ ವಿಮಾನಕ್ಕೆ ಹಾಕುವ ಹುಚ್ಚು ಬೇಡ. ಸೈಕಲ್ ಅಲ್ಲಿಯದೇ ಇರಲಿ, ಸೀಟು ಮಾತ್ರ ನಿನ್ನದಿರಲಿ. ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಹೋಗು. ಅಲೆನ್ ಕೀ ಅದೇ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯವರು ಎತ್ತಿಟ್ಟುಕೊಳ್ಳುತ್ತಾರೆ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊ. ಜಪಾನಿನಲ್ಲಿ ತರಕಾರಿ ಸಾರು ಅಂದರೂ ಬುಡದಲ್ಲಿ ಒಣಮೀನಿನ ರಸ ಇರುವುದೇ ಹೆಚ್ಚು. ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಧಾರವಾಡ ಪೇಡೆ ಮನೆಯಲ್ಲೇ ತಿಂದು ಹೋಗು.

ಗೆಳೆಯರು ದೊಡ್ಡ ಸವಾರರ ಹೆಸರು ಹೇಳಿ ನಿನ್ನನ್ನು ಹುರಿದುಂಬಿಸುತ್ತಾರೆ ಅಂತ ಬಲ್ಲೆ. ನಾಸಿಕದ ಮಹಾಜನ್ ಅಣ್ಣತಮ್ಮಂದಿರು 2015ರಲ್ಲಿ ಜೋಡಿಯಾಗಿ ಅಮೆರಿಕವನ್ನು ಅಡ್ಡಡ್ಡ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ ಮುಗಿಸಿದರು. ನಾಸಿಕದಲ್ಲಿ ಸೇನೆಯ ವೈದ್ಯರಾಗಿದ್ದ ನಮ್ಮ ಬೆಂಗಳೂರಿನ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಸುಮಾರು 4,900 ಕಿ.ಮೀ.ಯ ಅದೇ ದಾರಿಯನ್ನು ಒಬ್ಬರೇ, ಹನ್ನೆರಡು ದಿನದೊಳಗೆ ತುಳಿದರು. ಅವರಿಗೆ ಕೈಮುಗಿ. ಆದರೆ ಅವರು ಹೋದದ್ದು ಗಡಿಯಾರದ ಜೊತೆ ಜಿದ್ದಿಗೆ, ನೀನು ಹೊರಟಿರುವುದು ರಜೆಗೆ.

ಕೊನೆಗೊಂದು ಪರೀಕ್ಷೆ. ಒಂದು ಶನಿವಾರ ಬ್ಯಾಗಿನಲ್ಲಿ ಎಂಟು ಕಿಲೊ ಭಾರ ಹೇರಿಕೊಂಡು ಪೈಠಣಕ್ಕೆ ಹೋಗು, ಸುಮಾರು 50 ಕಿ.ಮೀ. ಸಪಾಟು ರಸ್ತೆ. ಕವಿರಾಜಮಾರ್ಗ ಕನ್ನಡನಾಡಿಗೆ ಹೇಳಿದ ಬಡಗಣ ಎಲ್ಲೆ ಗೋದಾವರಿಯನ್ನು ನೋಡಿ, ಬಸ್ಸಿಗೆ ಸೈಕಲ್ ಹಾಕಿ ವಾಪಸು ಬಾ. ಭಾನುವಾರ ಅದೇ ಭಾರದ ಜೊತೆ ದೌಲತಾಬಾದಿನ ಘಾಟು ಹತ್ತಿ ವೇರುಳಕ್ಕೆ ಹೋಗು. ಮೊದಲ ದಿನ ಎಲ್ಲರೂ ಶೂರರು. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಮೈ ಏನು ಹೇಳುತ್ತದೋ ಅದನ್ನು ಕೇಳು. ಮನೆಗೆ ಬಂದು, ಆ ದಿನ ಆರಾಮಾಗಿ ತುಳಿದ ದೂರದ ಮುಕ್ಕಾಲು ಪಾಲನ್ನು ದಿನದ ದೂರ ಅಂತ ಬರೆದುಕೊ.

ವೇರುಳದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇಗುಲದ ಮುಂದೆ ಸ್ವಲ್ಪ ಕೂತುಕೊ. ಆ ಶಿಲ್ಪಿಗಳು ಶಿಖರ ಮೊದಲು ಕೊರೆದು, ಇಳಿಯುತ್ತ ಇಳಿಯುತ್ತ ಪಾದಕ್ಕೆ ಬಂದರು. ನೀನೂ ಪ್ರವಾಸವನ್ನು ಹಾಗೇ ತಲೆಯಿಂದ ಕೊರೆ. ಡ್ಯೂಟಿಗೆ ಮರಳುವ ದಿನ ಮೊದಲು ಬರೆ. ಅದರ ಹಿಂದೆ ವಿಮಾನದ ದಿನ, ಅದರ ಹಿಂದೆ ಮಳೆಗೆ ಅಂತ ಬಿಟ್ಟ ಒಂದು ಖಾಲಿ ದಿನ. ಉಳಿದ ದಿನಗಳು ಎಷ್ಟೋ ಅಷ್ಟೇ ನಿನ್ನ ದಾರಿ. ಆ ದಾರಿ ಹಿಡಿಸುವ ಊರು ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಭಾನುವಾರ ಸಂಜೆ ಹೊರಟುಬಂದು ನೇರ ನಮ್ಮ ಮನೆಗೇ ಬಾ. ಕಾಕು ಝುಣಕ ಮಾಡಿಟ್ಟಿರುತ್ತಾಳೆ. ಊಟಕ್ಕೆ ನೀನು ಚಾಪೆಯ ಮೇಲೆ ಆರಾಮಾಗಿ ಕೂತರೆ ಟಿಕೆಟ್ ತೆಗೆಯೋಣ. ನಿಂತೇ ತಿನ್ನುತ್ತೇನೆ ಅಂದರೆ, ಇನ್ನೊಂದು ತಿಂಗಳು ತುಳಿ.